140 ಪಿಸಿಗೆ ತಿಂಗಳಿಗೊಂದು ಅಪ್‌ಡೇಟ್: ಪೆನ್‌ಡ್ರೈವ್ ಬಿಟ್ಟು ಬೇರೆ ದಾರಿ ಹೇಳಿ

ಠಾಣೆ_ಸ್ಲೋ
ಅಂಧೇರಿ ಎಂಐಡಿಸಿಯಲ್ಲಿ ಮುಖ್ಯ ಆಫೀಸು, 85 ಪಿಸಿ. ಪುಣೆಯ ಭೋಸರಿಯಲ್ಲಿ 30, ಗೋವಾದ ವೆರ್ಣಾದಲ್ಲಿ 25. ಎಲ್ಲವೂ ವಿಂಡೋಸ್ 11 ಪ್ರೊ, ಒಂದೇ ಡೊಮೇನು (ಎಲ್ಲ ಪಿಸಿ, ಲಾಗಿನ್‌ಗಳನ್ನ ಒಂದೇ ಕಡೆಯಿಂದ ನಿಭಾಯಿಸೋ ವ್ಯವಸ್ಥೆ). ಡಿಸ್ಪ್ಯಾಚ್, ಬಿಲ್ಲಿಂಗ್ ಎರಡಕ್ಕೂ ನಮ್ಮ ಡೆವಲಪರ್‌ಗಳೇ ಬರೆದ ಸಾಫ್ಟ್‌ವೇರು. ಡೇಟಾಬೇಸ್ ಅಂಧೇರಿಯಲ್ಲಿದೆ. ಸೆಟಪ್ 180 ಎಂಬಿ, ಎಂಎಸ್‌ಐ ಫೈಲು (ವಿಂಡೋಸ್‌ನ ಇನ್‌ಸ್ಟಾಲ್ ಪ್ಯಾಕೇಜು). ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತೆ. ಈಗ ಪೆನ್‌ಡ್ರೈವ್ ಹಿಡ್ಕೊಂಡು ಟೇಬಲ್ ಟೇಬಲ್ ಸುತ್ತೋದು, ಪುಣೆ-ಗೋವಾಕ್ಕೆ ರಿಮೋಟ್. ಯೂಸರ್‌ಗಳಿಗೆ ಅಡ್ಮಿನ್ ಹಕ್ಕು ಇಲ್ಲ, ಕೊಡೋದೂ ಇಲ್ಲ. ಗೋವಾ ಲೈನು 20 ಎಂಬಿಪಿಎಸ್ ಮಾತ್ರ. ದುಡ್ಡು ಹಾಕದೆ ಎಷ್ಟು ದೂರ ಹೋಗಬಹುದು?

ಮಾಟುಂಗಾ_ಮಾಣಿ
ಡೊಮೇನ್ ಉಂಟು, ಎಂಎಸ್‌ಐ ಉಂಟು, ಮತ್ತೆಂತ ಬೇಕು ಮಾರಾಯ್ರೆ? ಗ್ರೂಪ್ ಪಾಲಿಸಿಯಲ್ಲಿ (ಡೊಮೇನಿನ ಎಲ್ಲ ಪಿಸಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ತಳ್ಳುವ ವ್ಯವಸ್ಥೆ) ಸಾಫ್ಟ್‌ವೇರ್ ಇನ್‌ಸ್ಟಾಲೇಶನ್ ಅಂತ ಉಂಟು. ಕಂಪ್ಯೂಟರ್ ಕಡೆ ಅಸೈನ್ ಮಾಡಿ, ಯೂಸರ್ ಕಡೆ ಅಲ್ಲ. ಲಾಗಿನ್‌ಗೆ ಮೊದಲೇ, ವಿಂಡೋಸ್‌ನ ಸ್ವಂತ ಸಿಸ್ಟಮ್ ಅಕೌಂಟ್‌ನಲ್ಲಿ ಕೂತುಕೊಳ್ತದೆ, ಅಡ್ಮಿನ್ ಹಕ್ಕಿನ ತಲೆಬಿಸಿಯೇ ಇಲ್ಲ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ಫೈಲಿನ ದಾರಿಯನ್ನು ಝಡ್ ಡ್ರೈವ್ ಅಂತ ಕೊಡುವುದು. ಮ್ಯಾಪ್ ಮಾಡಿದ ಡ್ರೈವ್ ಯೂಸರಿನದ್ದು, ಸಿಸ್ಟಮ್ ಅಕೌಂಟಿಗೆ ಅದು ಕಾಣುವುದಿಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿ ಕೊಡಬೇಕು. ಎರಡು, ಶೇರ್‌ನಲ್ಲಿ ಡೊಮೇನ್ ಯೂಸರ್ಸ್‌ಗೆ ಓದುವ ಅನುಮತಿ ಕೊಟ್ಟು ಡೊಮೇನ್ ಕಂಪ್ಯೂಟರ್ಸ್ ಅನ್ನು ಮರೆಯುವುದು. ಪಿಸಿ ತನ್ನ ಹೆಸರಿನಲ್ಲಿ ಬಂದು ಫೈಲ್ ಕೇಳ್ತದೆ, ಯೂಸರಿನ ಹೆಸರಿನಲ್ಲಿ ಅಲ್ಲ.

ಬರೇ_ಓದುಗ
ಡಬ್ಲ್ಯುಎಸ್‌ಯುಎಸ್ (ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಹಂಚೋ ಸರ್ವರ್) ಹಾಕಿಬಿಡಿ, ಮುಗೀತು.

ಎಕ್ಸಿಟ್‌ಕೋಡ್_1603
ಮುಗಿಯಲ್ಲ. ಡಬ್ಲ್ಯುಎಸ್‌ಯುಎಸ್ ತಾನಾಗಿ ಹಂಚೋದು ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳನ್ನ ಮಾತ್ರ. ನಿಮ್ಮದೇ ಎಂಎಸ್‌ಐ ಅದರಲ್ಲಿ ತುರುಕಬೇಕಾದರೆ ಲೋಕಲ್ ಪಬ್ಲಿಷಿಂಗ್, ಅದಕ್ಕೊಂದು ಸರ್ಟಿಫಿಕೇಟು, ಮೇಲೊಂದು ಟೂಲು ಬೇಕು. ಇನ್ನು ಅದಕ್ಕೆ ಹೊಸ ಸೌಲಭ್ಯ ಸೇರಿಸಲ್ಲ ಅಂತ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಈಗಾಗಲೇ ಓಡ್ತಿದ್ದರೆ ಓಡಲಿ, ಆದರೆ 2025ರ ಅಕ್ಟೋಬರ್‌ನಲ್ಲಿ ತಿಂಗಳ ಸರದಿ ಬಿಟ್ಟು ತುರ್ತಾಗಿ ಬಂದ ಪ್ಯಾಚ್ ಹಾಕಿದೀರಾ ನೋಡ್ಕೊಳ್ಳಿ. ಅದರ 8530, 8531 ಪೋರ್ಟ್‌ಗಳು ಇಂಟರ್‌ನೆಟ್‌ಗೆ ತೆರೆದಿದ್ದರೆ ಈ ಚರ್ಚೆ ಬಿಟ್ಟು ಮೊದಲು ಅದನ್ನ ಮುಚ್ಚಿ ಬನ್ನಿ.

ಮಾಣಿ ಹೇಳಿದ್ದು ಸರಿ, ಆದರೆ ಅರ್ಧ. ವಿಂಡೋಸ್ ಬೂಟ್ ಆಗುವಾಗ ನೆಟ್‌ವರ್ಕ್‌ಗೆ ಕಾಯಲ್ಲ. ‘ಸ್ಟಾರ್ಟಪ್, ಲಾಗಾನ್ ವೇಳೆ ನೆಟ್‌ವರ್ಕ್‌ಗೆ ಕಾಯಬೇಕು’ ಅನ್ನೋ ಪಾಲಿಸಿ ಆನ್ ಮಾಡದಿದ್ದರೆ ಒಂದೊಂದು ಪಿಸಿಗೆ ಎರಡೆರಡು ರೀಸ್ಟಾರ್ಟ್ ಬೇಕಾಗುತ್ತೆ. ಜತೆಗೆ ಫಾಸ್ಟ್ ಸ್ಟಾರ್ಟಪ್. ಯೂಸರ್ ಸಂಜೆ ಶಟ್‌ಡೌನ್ ಒತ್ತಿ ಬೆಳಗ್ಗೆ ಆನ್ ಮಾಡಿದರೆ ಅದು ನಿಜವಾದ ಬೂಟೇ ಅಲ್ಲ, ಕರ್ನಲ್ ಹೈಬರ್ನೇಟ್ ಆಗಿ ಎದ್ದಿರುತ್ತೆ. ‘ದಿನಾ ಆಫ್ ಮಾಡ್ತಾರೆ, ಆದರೂ ಇನ್‌ಸ್ಟಾಲ್ ಆಗ್ತಿಲ್ಲ’ ಅನ್ನೋ ದೂರು ಬಹುಪಾಲು ಇಲ್ಲಿಂದ ಬರೋದು. ರಿಜಿಸ್ಟ್ರಿಯಲ್ಲಿ ಹೈಬರ್‌ಬೂಟ್‌ಎನೇಬಲ್ಡ್ ಅನ್ನು 0 ಮಾಡಿ, ಪಾಲಿಸಿಯಿಂದಲೇ ಎಲ್ಲ ಕಡೆ ತಳ್ಳಿ.

ವಾಶಿ_ವೈರ್
ಎಲ್ಲರೂ ಇನ್‌ಸ್ಟಾಲ್ ಬಗ್ಗೆ ಮಾತಾಡ್ತಿದೀರಿ, ಲೈನಿನ ಲೆಕ್ಕ ಯಾರೂ ಹಾಕಿಲ್ಲ. ವೆರ್ಣಾದಲ್ಲಿ 25 ಪಿಸಿ, ತಲಾ 180 ಎಂಬಿ, ಅಂದರೆ 4,500 ಎಂಬಿ. 20 ಎಂಬಿಪಿಎಸ್ (ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಲೈನ್ ಪೂರ್ತಿ ಸಿಕ್ಕರೂ 30 ನಿಮಿಷ. ಬೆಳಗ್ಗೆ ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಪಿಸಿ ಆನ್ ಮಾಡ್ತಾರೆ. ಅರ್ಧ ಗಂಟೆ ‘ದಯವಿಟ್ಟು ಕಾಯಿರಿ’ ನೋಡ್ತಾ ಕೂತರೆ ಯಾರಾದರೊಬ್ಬರು ಪವರ್ ಬಟನ್ ಒತ್ತಿ ಹಿಡೀತಾರೆ, ಬರೆದಿಟ್ಟುಕೊಳ್ಳಿ. ಅರ್ಧಕ್ಕೆ ಕಡಿದ ಎಂಎಸ್‌ಐ ರೋಲ್‌ಬ್ಯಾಕ್ ಆಗದೇ ಉಳಿದರೆ ಆ ಪಿಸಿ ಹತ್ತಿರ ನೀವೇ ಹೋಗಬೇಕು.

ಅದೇ ಒಂದೇ ಪ್ರತಿ ಗೋವಾಕ್ಕೆ ಹೋಗಿ, ಅಲ್ಲಿಂದ ಲ್ಯಾನ್‌ನಲ್ಲಿ ಹಂಚಿಕೆ ಆದರೆ? 72 ಸೆಕೆಂಡು.

ಬರೇ_ಓದುಗ
ಅದಕ್ಕೇ ಬ್ರಾಂಚ್‌ಕ್ಯಾಶ್ (ಒಂದು ಪಿಸಿ ಇಳಿಸಿದ್ದನ್ನ ಪಕ್ಕದ ಪಿಸಿಗಳಿಗೂ ಕೊಡೋ ವಿಂಡೋಸ್ ಸೌಲಭ್ಯ) ಇರೋದಲ್ವಾ?

ವಾಶಿ_ವೈರ್
ಅವರದ್ದು ಪ್ರೊ. ಶೇರ್ ಫೋಲ್ಡರಿನಿಂದ ಎಳೆಯೋ ಫೈಲಿಗೆ ಬ್ರಾಂಚ್‌ಕ್ಯಾಶ್ ಬೇಕಾದರೆ ಎಂಟರ್‌ಪ್ರೈಸ್ ಅಥವಾ ಎಜುಕೇಶನ್ ಆವೃತ್ತಿ ಬೇಕು. ಪ್ರೊದಲ್ಲಿ ಬಿಟ್ಸ್ (ವಿಂಡೋಸ್‌ನ ಹಿನ್ನೆಲೆ ಡೌನ್‌ಲೋಡ್ ಸೇವೆ) ಮೂಲಕ ಬರೋದಕ್ಕೆ ಮಾತ್ರ ಕೆಲಸ ಮಾಡುತ್ತೆ. ಡೆಲಿವರಿ ಆಪ್ಟಿಮೈಸೇಶನ್ ಬಗ್ಗೆಯೂ ಯಾರಾದರೂ ಕೇಳ್ತಾರೆ, ಈಗಲೇ ಹೇಳಿಬಿಡ್ತೀನಿ: ಅದು ವಿಂಡೋಸ್ ಅಪ್‌ಡೇಟ್, ಸ್ಟೋರ್, ಇನ್‌ಟ್ಯೂನ್ (ಪಿಸಿ ನಿಭಾಯಿಸೋ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ) ಕಡೆಯಿಂದ ಬರೋದಕ್ಕೆ. ಲ್ಯಾನ್ ಒಳಗೆ 7680 ಪೋರ್ಟ್ ಬಿಟ್ಟುಕೊಟ್ಟರೆ ತಿಂಗಳ ವಿಂಡೋಸ್ ಪ್ಯಾಚ್ ಪಿಸಿಯಿಂದ ಪಿಸಿಗೆ ಚೆನ್ನಾಗಿ ಹರಿಯುತ್ತೆ. ನಿಮ್ಮ ಬಿಲ್ಲಿಂಗ್ ಸೆಟಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಗುಲ್ಬರ್ಗಾ_ಟು_ಹಿಂಜವಡಿ
ನೋಡ್ರಿ, ಇದರಾಗ ಮೂರು ಕೆಲಸ ಅದಾವ, ಎಲ್ಲಾರೂ ಒಂದೇ ಅನ್ಕೊಂಡು ಗುದ್ದಾಡ್ಲಿಕತ್ತೀರಿ. ಸಾಮಾನು ಮುಟ್ಟಿಸೋದು ಒಂದು. ಅದನ್ನ ಹಾಕೋದು ಇನ್ನೊಂದು. ಹೊಸಾದು ಚಾಲೂ ಮಾಡೋದು ಮೂರನೇದು. ಮೂರಕ್ಕೂ ಬ್ಯಾರೆ ಬ್ಯಾರೆ ಟೈಮ್ ಇಡ್ರಿ.

ಮುಟ್ಟಿಸೋದು: ಪುಣೆಗೊಂದು, ಗೋವಾಕ್ಕೊಂದು ಹಳೇ ಪಿಸಿನೋ ನ್ಯಾಸ್ ಡಬ್ಬಿನೋ (ನೆಟ್‌ವರ್ಕಿಗೆ ಹಚ್ಚೋ ಡಿಸ್ಕ್) ಇಡ್ರಿ. ರಾತ್ರಿ ರೋಬೊಕಾಪಿ (ವಿಂಡೋಸ್‌ನಾಗಿನ ಕಾಪಿ ಕಮಾಂಡ್) ಹಚ್ಚಿ ಅಂಧೇರಿಯಿಂದ ಒಂದೇ ಪ್ರತಿ ಕಳಸ್ರಿ. ಐಪಿಜಿ ಸ್ವಿಚ್ ಕೊಟ್ರ ಪ್ಯಾಕೆಟ್ ನಡುವ ಗ್ಯಾಪ್ ಬಿಡ್ತದ, ಲೈನ್ ಉಸಿರಾಡ್ತದ. ಮ್ಯಾಲೆ ಡಿಎಫ್‌ಎಸ್ ನೇಮ್‌ಸ್ಪೇಸ್ ಇಟ್ರ ಮೂರೂ ಊರಿಗೆ ಒಂದೇ ದಾರಿ, ಪಿಸಿ ತನ್ನ ಊರಿನ ಡಬ್ಬಿಗೇ ಹೋಗ್ತದ. ಆದ್ರ ಡೊಮೇನಿನ ಸೈಟ್ಸ್ ಅಂಡ್ ಸರ್ವಿಸಸ್‌ನಾಗ ಗೋವಾದ ಸಬ್‌ನೆಟ್ (ಅಲ್ಲಿನ ಐಪಿ ವಿಳಾಸಗಳ ಗುಂಪು) ಗೋವಾ ಸೈಟಿಗೆ ಸೇರ್ಸಿರಬೇಕು. ಇಲ್ಲಂದ್ರ ವೆರ್ಣಾದ ಪಿಸಿ ಬಾಜೂಕ ಇರೋ ಡಬ್ಬಿ ಬಿಟ್ಟು ಅಂಧೇರಿಗೆ ಹೋಗಿ ನಿಂದರ್ತದ.

ಆಮ್ಯಾಲೆ ಶೆಡ್ಯೂಲ್ಡ್ ಟಾಸ್ಕ್ ಒಂದನ್ನ ಗ್ರೂಪ್ ಪಾಲಿಸಿಯಿಂದ ಎಲ್ಲಾ ಪಿಸಿಗೆ ಹಾಕ್ರಿ. ಎರಡು ತಾಸಿನ ರ‍್ಯಾಂಡಮ್ ಡಿಲೇ ಕೊಟ್ಟು, ಹಗಲೊತ್ತಿನಾಗ ಸೆಟಪ್ ಫೈಲ್ ಪಿಸಿಯ ಸ್ವಂತ ಡಿಸ್ಕಿಗೆ ಇಳಿಸ್ಕೊಳ್ಳಲಿ. ಮರುದಿನ ಬೂಟ್ ಆದಾಗ ಡಿಸ್ಕಿನಿಂದಲೇ ಇನ್‌ಸ್ಟಾಲ್. ಹಿಂಗ ಯಾಕಂದ್ರ ಗ್ರೂಪ್ ಪಾಲಿಸಿ ಸ್ಕ್ರಿಪ್ಟಿಗೆ ಕಾಯೋ ಟೈಮ್ 600 ಸೆಕೆಂಡ್ ಅದ. ವಾಶಿ ಅವರ 30 ನಿಮಿಷದ ಲೆಕ್ಕ ಇದಕ್ಕ ಜೋಡಸ್ರಿ, ಸ್ಟಾರ್ಟಪ್ ಸ್ಕ್ರಿಪ್ಟಿನಾಗೇ ಕಾಪಿನೂ ಮಾಡಿದ್ರ ಹತ್ತು ನಿಮಿಷಕ್ಕ ಕುತ್ತಿಗಿ ಕೊಯ್ತದ.

ಎಕ್ಸಿಟ್‌ಕೋಡ್_1603
ಒಪ್ಪಿದೆ. ಮೂರು ತಿದ್ದುಪಡಿ.

ರೋಬೊಕಾಪಿ ಎಕ್ಸಿಟ್ ಕೋಡ್ 1 ಅಂದರೆ ಫೇಲ್ ಅಲ್ಲ, ‘ಫೈಲ್ ಕಾಪಿ ಆಯ್ತು’ ಅಂತ. 8 ಮತ್ತು ಅದರ ಮೇಲಿದ್ದರೆ ಮಾತ್ರ ತೊಂದರೆ. ಸೊನ್ನೆ ಬಂದರೆ ಮಾತ್ರ ಪಾಸು ಅಂತ ಬರೆದ ಸ್ಕ್ರಿಪ್ಟ್, ಕಾಪಿ ಸರಿಯಾದಾಗಲೆಲ್ಲ ಕೆಂಪು ಬಾವುಟ ತೋರಿಸುತ್ತೆ.

ಇಳಿಸಿಕೊಳ್ಳೋ ಫೋಲ್ಡರನ್ನ ಪ್ರೋಗ್ರಾಮ್‌ಡೇಟಾ ಒಳಗೆ ಸುಮ್ಮನೆ ಮಾಡಬೇಡಿ. ಅಲ್ಲಿ ಮಾಮೂಲಿ ಯೂಸರ್ ಕೂಡ ಫೈಲ್ ಇಡಬಹುದು. ನಿಮ್ಮ ಟಾಸ್ಕ್ ಅಲ್ಲಿರೋ ಎಂಎಸ್‌ಐಯನ್ನ ಸಿಸ್ಟಮ್ ಹಕ್ಕಿನಲ್ಲಿ ಓಡಿಸುತ್ತೆ. ಬೇರೆ ಯಾರೋ ಅದೇ ಹೆಸರಿನ ಎಂಎಸ್‌ಐ ಇಟ್ಟರೆ? ಫೋಲ್ಡರಿನ ಇನ್‌ಹೆರಿಟೆನ್ಸ್ ಮುರಿದು ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಇಬ್ಬರಿಗೆ ಮಾತ್ರ ಬರೆಯೋ ಹಕ್ಕು ಬಿಡಿ. ಓಡಿಸೋ ಮುಂಚೆ ಡಿಜಿಟಲ್ ಸಹಿ ಅಥವಾ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ತಾಳೆ ನೋಡಿ. ಹ್ಯಾಶ್ ಪಟ್ಟಿ ಅದೇ ಫೋಲ್ಡರಿನಲ್ಲಿದ್ದರೆ ತಾಳೆ ನೋಡಿಯೂ ದಂಡ.

ಮೂರನೇದು ಆವೃತ್ತಿ ಹೋಲಿಕೆ. ಪವರ್‌ಶೆಲ್‌ನಲ್ಲಿ ಅಕ್ಷರಗಳಾಗಿ ಹೋಲಿಸಿದರೆ 4.10 ಅನ್ನೋದು 4.9ಕ್ಕಿಂತ ಹಳೇದು ಅಂತ ಉತ್ತರ ಬರುತ್ತೆ. ವರ್ಷನ್ ಟೈಪಿಗೆ ಪರಿವರ್ತಿಸಿ ಹೋಲಿಸಿ.

ಮಾಟುಂಗಾ_ಮಾಣಿ
ಇಷ್ಟೆಲ್ಲ ಸ್ಕ್ರಿಪ್ಟ್ ಬರೆಯುವ ಬದಲು ಪಿಡಿಕ್ಯೂ ಡಿಪ್ಲಾಯ್ ತೆಗೊಂಡರೆ ಒಳ್ಳೇದಲ್ವೋ? ಅಡ್ಮಿನ್ ಶೇರ್ ಮೂಲಕ ಅದೇ ಕಳಿಸ್ತದೆ, ಅದೇ ಓಡಿಸ್ತದೆ, ಕೋಡ್ ಎಂತ ಬಂತು ಅಂತ ಅದೇ ಹೇಳ್ತದೆ.

ವಾಶಿ_ವೈರ್
ಒಳ್ಳೇ ಟೂಲು. ಆದರೆ ಪಿಸಿ ಆ ಹೊತ್ತಿಗೆ ಆನ್ ಇರಬೇಕು, 445 ಪೋರ್ಟ್ ಸರ್ವರ್ ಕಡೆಯಿಂದ ಪಿಸಿ ಕಡೆಗೆ ತೆರೆದಿರಬೇಕು. ಆ 445 ಅನ್ನು ಟೂಲ್ ಇರೋ ಒಂದು ಯಂತ್ರದ ಐಪಿಗೆ ಮಾತ್ರ ಬಿಡಿ. ಅದಕ್ಕೆ ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಕೂರಿಸೋರಿದ್ದಾರೆ, ಅದೊಂದು ಬೇಡ. ಪಿಸಿಗಳ ಮೇಲೆ ಮಾತ್ರ ಹಕ್ಕಿರೋ ಬೇರೆ ಅಕೌಂಟ್ ಮಾಡಿ.

ರಾತ್ರಿ ವೇಕ್ ಆನ್ ಲ್ಯಾನ್ (ಆಫ್ ಆದ ಪಿಸಿ ಎಬ್ಬಿಸೋ ಮ್ಯಾಜಿಕ್ ಪ್ಯಾಕೆಟ್) ಕಳಿಸಿ ಎಬ್ಬಿಸೋಣ ಅನ್ನೋರಿಗೆ: ಆ ಪ್ಯಾಕೆಟ್ ತಾನಾಗಿ ಬೇರೆ ಸಬ್‌ನೆಟ್‌ಗೆ ದಾಟಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಏಳೋದೂ ಅನುಮಾನ.

ವೆರ್ಣಾ_ಶಿಫ್ಟ್
ಏಳಿಸೋದು ದೂರದ ಮಾತು. ನಮ್ಮ ಎಸ್ಟೇಟಿನಲ್ಲಿ ಎಷ್ಟೋ ಆಫೀಸಲ್ಲಿ ರಾತ್ರಿ ವಾಚ್‌ಮನ್ ಮೇನ್ ಸ್ವಿಚ್ಚೇ ಇಳಿಸ್ತಾನೆ. ಗೋಡೆಯಲ್ಲೇ ಕರೆಂಟಿಲ್ಲ ಅಂದಮೇಲೆ ಮ್ಯಾಜಿಕ್ ಪ್ಯಾಕೆಟ್ ಏನು ಮಾಡುತ್ತೆ? ಸ್ವಿಚ್ ಇಳಿಸುವಾಗ ನಿಮ್ಮ ನ್ಯಾಸ್ ಡಬ್ಬಿಯೂ ಹೋಗುತ್ತೆ, ಅದನ್ನ ಯುಪಿಎಸ್ ಇರೋ ಪ್ರತ್ಯೇಕ ಲೈನಿಗೆ ಹಾಕಿಸಿ. ಇಲ್ಲವಾದರೆ ರಾತ್ರಿ ಕಾಪಿ ಅರ್ಧಕ್ಕೆ ನಿಲ್ಲುತ್ತೆ. ರೋಬೊಕಾಪಿಗೆ ಝಡ್ ಸ್ವಿಚ್ ಕೊಟ್ಟಿದ್ದರೆ ನಿಂತಲ್ಲಿಂದ ಮುಂದುವರಿಯುತ್ತೆ. ಕಾಪಿ ಪೂರ್ತಿಯಾದ ಮೇಲೆ ಕೊನೆಗೆ ಒಂದು ‘ಸಿದ್ಧ’ ಫೈಲ್ ಇಡೋ ಹಾಗೆ ಮಾಡಿ, ಆ ಫೈಲ್ ಕಂಡರೆ ಮಾತ್ರ ಪಿಸಿಗಳು ಎಳೆದುಕೊಳ್ಳಲಿ.

ಲೆಕ್ಕದ_ಕೋಣೆ
ನಾನು ಐಟಿಯವನಲ್ಲ, ಫೋರ್ಟ್ ಕಡೆ ಅಕೌಂಟ್ಸು. ನಿಮ್ಮಲ್ಲಿ ಯಾರೂ ಕ್ಯಾಲೆಂಡರ್ ನೋಡಿದ ಹಾಗೆ ಕಾಣಲಿಲ್ಲ. ಮೈಕ್ರೋಸಾಫ್ಟ್ ಪ್ಯಾಚ್ ಬರೋದು ತಿಂಗಳ ಎರಡನೇ ಮಂಗಳವಾರ, ಅಂದರೆ ಯಾವ ತಿಂಗಳೇ ಇರಲಿ 8ರಿಂದ 14ನೇ ತಾರೀಕಿನೊಳಗೆ. ಜಿಎಸ್‌ಟಿ ರಿಟರ್ನು ಜಿಎಸ್‌ಟಿಆರ್-1ಕ್ಕೆ ಕಡೇ ದಿನ 11. ಪಿಎಫ್ 15. ಇನ್ನೊಂದು ರಿಟರ್ನು ಜಿಎಸ್‌ಟಿಆರ್-3ಬಿ 20. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಪಿಸಿ ರೀಸ್ಟಾರ್ಟ್ ಕೇಳಬೇಕಾ? ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚಿ ಸಹಿ ಹಾಕೋಕೆ ಕೂತಾಗ ಡ್ರೈವರ್ ಕಾಣೆ ಅಂದರೆ ಲೇಟ್ ಫೀ ಐಟಿಯವರು ಕಟ್ತಾರಾ?

ಎಕ್ಸಿಟ್‌ಕೋಡ್_1603
ಈ ಚರ್ಚೆಯಲ್ಲಿ ಇಲ್ಲಿವರೆಗಿನ ಅತಿ ಉಪಯುಕ್ತ ಮಾತು ಇದು. ಪ್ಯಾಚ್ ನಮಗೆ ಸಿಗೋದು ಮಂಗಳವಾರ ರಾತ್ರಿ ಹತ್ತೂವರೆಗೆ, ಅಮೆರಿಕದ ಚಳಿಗಾಲದಲ್ಲಿ ಹನ್ನೊಂದೂವರೆಗೆ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಅದು ಬುಧವಾರದ ಕೆಲಸ. ಬುಧವಾರ ಐಟಿಯ ಪಿಸಿಗಳು. ನಂತರ ಪೈಲಟ್ ಗುಂಪು, ಅಂದರೆ ಎಲ್ಲರಿಗಿಂತ ಮೊದಲು ಹಾಕಿ ನೋಡೋ ಕೆಲವು ಪಿಸಿ. ಅಕೌಂಟ್ಸ್ ಪೂರ್ತಿ 21ನೇ ತಾರೀಕಿಗೆ. ಆದರೆ ಅಕೌಂಟ್ಸಿನ ಒಂದು ಪಿಸಿ, ಡಿಎಸ್‌ಸಿ ಟೋಕನ್ ಹಾಕೋದು, ಪೈಲಟ್‌ನಲ್ಲಿ ಇರಲೇಬೇಕು. ಐಟಿ ಹುಡುಗರ ಒಳ್ಳೊಳ್ಳೇ ಪಿಸಿಗಳನ್ನಷ್ಟೇ ಪೈಲಟ್ ಮಾಡಿದರೆ ಅದು ಪೈಲಟ್ ಅಲ್ಲ. ಆಫೀಸಿನ ಅತಿ ಹಳೇ ಪಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರೋದು, ತೂಕದ ಯಂತ್ರಕ್ಕೆ ಕಾಮ್ ಪೋರ್ಟ್‌ನಲ್ಲಿ ಜೋಡಿಸಿರೋದು, ತಲಾ ಒಂದು ಸೇರಿಸಿ.

ಒಂದು ಷರತ್ತು: ಈಗಾಗಲೇ ದಾಳಿಗೆ ಬಳಕೆಯಾಗ್ತಿದೆ ಅಂತ ಘೋಷಣೆಯಾದ ದೋಷ ಇದ್ದರೆ 21ರವರೆಗೆ ಕಾಯೋ ಹಾಗಿಲ್ಲ. ವನ್ನಾಕ್ರೈ ವೈರಸ್ ತಡೆಯೋಕೆ ಬೇಕಾಗಿದ್ದ ಪ್ಯಾಚ್ 2017ರ ಮಾರ್ಚ್ 14ಕ್ಕೇ ಬಂದಿತ್ತು, ದಾಳಿ ಮೇ 12ಕ್ಕೆ.

ಗುಲ್ಬರ್ಗಾ_ಟು_ಹಿಂಜವಡಿ
ಪೈಲಟ್ ಬ್ಯಾಡ ಅನ್ನೋರು 2024ರ ಜುಲೈ 19 ನೆನಪ್ ಮಾಡ್ಕೋರಿ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟ್ ಫೈಲ್ ನಮ್ಮ ಟೈಮ್ ಮುಂಜಾನೆ 9:39ಕ್ಕ ಬಿಟ್ರು, 10:57ಕ್ಕ ವಾಪಸ್ ತಗೊಂಡ್ರು. ಅಷ್ಟರಾಗ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಪಿಸಿ ನೀಲಿ ಆಗಿದ್ದವು. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸೋದಷ್ಟೇ ಇತ್ತು, ಖರೆ. ಆದ್ರ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಇದ್ದ ಪಿಸಿಗೆ ರಿಕವರಿ ಕೀ ಬೇಕಲ್ಲ? 48 ಅಂಕಿ. ಕೀ ಡೊಮೇನಿನ ಆಕ್ಟಿವ್ ಡೈರೆಕ್ಟರಿನಾಗ ಉಳದಾವೋ ಇಲ್ಲೋ ಇವತ್ತೇ ನೋಡ್ರಿ.

ವಾಶಿ_ವೈರ್
ನಮ್ಮ ಹತ್ತಿರದ್ದೇ ಉದಾಹರಣೆ ಇದೆಯಲ್ಲ. 2017ರ ಜೂನ್‌ನಲ್ಲಿ ನ್ಹಾವಾ ಶೇವಾದ ಜೆಎನ್‌ಪಿಟಿಯಲ್ಲಿ ಮೇರ್ಸ್ಕ್ ಕಂಪನಿ ನಡೆಸ್ತಿದ್ದ ಟರ್ಮಿನಲ್ ನಿಂತುಹೋಯ್ತು. ನಾಟ್‌ಪೆಟ್ಯಾ ವೈರಸ್. ಅದು ಹೊರಟಿದ್ದು ಎಲ್ಲಿಂದ? ಯುಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರಿನ ಅಪ್‌ಡೇಟ್ ಸರ್ವರಿನಿಂದ. ಹಾಗಾಗಿ ನಿಮ್ಮ ಸೆಟಪ್ ಇರೋ ಶೇರ್‌ಗೆ ಬರೆಯೋ ಹಕ್ಕು ಯಾರ್ಯಾರಿಗಿದೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಅಲ್ಲಿ ಯಾರು ಬರೀಬಹುದೋ ಅವರು 140 ಪಿಸಿಗೂ ಅಡ್ಮಿನ್ ಇದ್ದ ಹಾಗೆಯೇ.

ಬರೇ_ಓದುಗ
ವಿಷಯಾಂತರ: ಪ್ರಿಂಟರ್ ಮಾತು ಬಂತಲ್ಲ, ವಿಂಡೋಸ್ ಅಪ್‌ಡೇಟ್ ಆದಮೇಲೆ ಎಲ್ಲರಿಗೂ ಪ್ರಿಂಟರ್ ಡ್ರೈವರ್‌ಗೆ ಅಡ್ಮಿನ್ ಪಾಸ್‌ವರ್ಡ್ ಕೇಳ್ತಿದೆ.

ಮಾಟುಂಗಾ_ಮಾಣಿ
ಅದು 2021ರ ಆಗಸ್ಟಿನಿಂದ ಹಾಗೆಯೇ, ಪ್ರಿಂಟ್‌ನೈಟ್‌ಮೇರ್ ಅನ್ನುವ ಭದ್ರತಾ ದೋಷದ ನಂತರ ಮೈಕ್ರೋಸಾಫ್ಟ್ ಬೇಕೆಂದೇ ಬಿಗಿ ಮಾಡಿದ್ದು. ರಿಜಿಸ್ಟ್ರಿಯಲ್ಲಿ ಸಡಿಲ ಮಾಡುವ ಉಪಾಯ ನೆಟ್ಟಿನಲ್ಲಿ ಸಿಕ್ತದೆ, ಮಾಡಬೇಡಿ. ಡ್ರೈವರನ್ನು ಮೊದಲೇ ಸಿಸ್ಟಮ್ ಹಕ್ಕಿನಲ್ಲಿ ಪಿಸಿಗೆ ತಳ್ಳಿಬಿಟ್ಟರೆ ಆಮೇಲೆ ಯೂಸರ್ ಪ್ರಿಂಟರ್ ಸೇರಿಸುವಾಗ ಕೇಳುವುದಿಲ್ಲ.

ಠಾಣೆ_ಸ್ಲೋ
ಎಲ್ಲರಿಗೂ ಥ್ಯಾಂಕ್ಸ್. ಅಕೌಂಟ್ಸ್ ಸರ್ ಮಾತು ನಮ್ಮ ಆಫೀಸಿಗೂ ಅಕ್ಷರಶಃ ಅನ್ವಯಿಸುತ್ತೆ. ಇನ್ನೊಂದು: ಡೆವಲಪರ್‌ಗಳು ಆವೃತ್ತಿ ಸಂಖ್ಯೆ 4.2.0.17, ನಂತರ 4.2.0.18 ಅಂತ ಕೊಡ್ತಾರೆ. ಎರಡು ಪಿಸಿಯಲ್ಲಿ ಟ್ರಯಲ್ ಹಾಕಿದರೆ ಪ್ರೋಗ್ರಾಮ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಾಣ್ತಿದೆ. ಏನದು?

ಎಕ್ಸಿಟ್‌ಕೋಡ್_1603
ವಿಂಡೋಸ್ ಇನ್‌ಸ್ಟಾಲರ್ ಮೊದಲ ಮೂರು ಅಂಕಿಗಳನ್ನ ಮಾತ್ರ ನೋಡುತ್ತೆ, ನಾಲ್ಕನೇದು ಅದರ ಪಾಲಿಗೆ ಇಲ್ಲವೇ ಇಲ್ಲ. 17, 18 ಎರಡೂ ಅದಕ್ಕೆ 4.2.0. ಪ್ರಾಡಕ್ಟ್ ಕೋಡ್ (ಆ ಬಿಡುಗಡೆಯ ಗುರುತು) ಬೇರೆಯಾದ್ದರಿಂದ ಹಳೇದನ್ನ ತೆಗೆಯದೆ ಪಕ್ಕದಲ್ಲಿ ಕೂತಿದೆ. ಪ್ರಾಡಕ್ಟ್ ಕೋಡ್ ಒಂದೇ ಆಗಿದ್ದರೆ 1638 ಎರರ್ ಬರ್ತಿತ್ತು. ಡೆವಲಪರ್‌ಗಳಿಗೆ ಹೇಳಿ: ಪ್ರತಿ ಬಿಡುಗಡೆಗೂ ಮೂರನೇ ಅಂಕಿ ಏರಲಿ, ಪ್ರಾಡಕ್ಟ್ ಕೋಡ್ ಬದಲಾಗಲಿ, ಅಪ್‌ಗ್ರೇಡ್ ಕೋಡ್ (ಎಲ್ಲ ಬಿಡುಗಡೆಗೂ ಸೇರಿದ ಒಂದೇ ಗುರುತು) ಜನ್ಮದಲ್ಲಿ ಬದಲಾಗಬಾರದು.

ಕಾನ್ಫಿಗ್ ಫೈಲಿನದ್ದು ಇನ್ನೊಂದು ಬಲೆ. ಎಕ್ಸ್‌ಇ, ಡಿಎಲ್‌ಎಲ್‌ಗಳಿಗೆ ಆವೃತ್ತಿ ಇರುತ್ತೆ, ಹೊಸತು ಬಂದರೆ ಬದಲಾಯಿಸುತ್ತೆ. ಕಾನ್ಫಿಗ್‌ಗೆ ಆವೃತ್ತಿ ಇಲ್ಲ. ಅದರ ತಿದ್ದಿದ ತಾರೀಕು ಹುಟ್ಟಿದ ತಾರೀಕಿಗಿಂತ ಮುಂದಿದ್ದರೆ ‘ಯೂಸರ್ ಏನೋ ಬರೆದಿದ್ದಾರೆ’ ಅಂತ ಇನ್‌ಸ್ಟಾಲರ್ ಮುಟ್ಟದೆ ಬಿಡುತ್ತೆ. ಎಕ್ಸ್‌ಇ ಹೊಸತು, ಸರ್ವರ್ ವಿಳಾಸ ಹಳೇದು, ಕೋಡ್ ಮಾತ್ರ 0. ಆದ್ದರಿಂದ ಕೋಡ್ ನಂಬಿ ಪಾಸ್ ಅನ್ನಬೇಡಿ. ಎಕ್ಸ್‌ಇಯ ಫೈಲ್ ಆವೃತ್ತಿ ಮತ್ತು ಕಾನ್ಫಿಗ್‌ನ ಒಂದು ಸಾಲು, ಎರಡನ್ನೂ ಓದಿ ಪಿಸಿ ಹೆಸರಿನ ಜತೆ ಲಾಗ್ ಬರೆಸಿ. ಆವೃತ್ತಿ ತಿಳಿಯೋಕೆ ವಿನ್32-ಪ್ರಾಡಕ್ಟ್ ಕ್ವೆರಿ ಮಾತ್ರ ಓಡಿಸಬೇಡಿ, ಅದು ಪಿಸಿಯಲ್ಲಿರೋ ಪ್ರತಿಯೊಂದು ಎಂಎಸ್‌ಐಯನ್ನೂ ತಪಾಸಣೆಗೆ ಎಳೆದು ರಿಪೇರಿ ಶುರು ಹಚ್ಚುತ್ತೆ.

ಕೋಡ್‌ಗಳು: 3010 ಅಂದರೆ ಆಯ್ತು, ರೀಸ್ಟಾರ್ಟ್ ಬಾಕಿ. 1618 ಅಂದರೆ ಇನ್ನೊಂದು ಇನ್‌ಸ್ಟಾಲ್ ನಡೀತಿದೆ, ಸ್ವಲ್ಪ ತಡೆದು ಮತ್ತೆ ಓಡಿಸಿ. 1619 ಅಂದರೆ ಫೈಲೇ ತೆರೆಯಲಿಲ್ಲ, ದಾರಿ ಅಥವಾ ಅನುಮತಿ ನೋಡಿ. ನನ್ನ ಹೆಸರಿನದ್ದು, 1603, ಬಂದರೆ ವಿವರವಾದ ಲಾಗ್ ತೆರೆದು ‘ರಿಟರ್ನ್ ವ್ಯಾಲ್ಯೂ 3’ ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲಿನಲ್ಲಿ ಕಾರಣ ಇರುತ್ತೆ.

ಗುಲ್ಬರ್ಗಾ_ಟು_ಹಿಂಜವಡಿ
ಚಾಲೂ ಮಾಡೋ ಮಾತು ಉಳೀತು. ಡೇಟಾಬೇಸ್ ಒಂದೇ, ಪಿಸಿ 140. ಎಲ್ಲಾವೂ ಒಂದೇ ಮುಂಜಾನೆ ಹೊಸಾದಕ್ಕ ಬರಂಗಿಲ್ಲ, ಯಾರೋ ರಜಾದಾಗ ಇರ್ತಾರ. ಅದಕ್ಕ ಮೊದಲ ಡೇಟಾಬೇಸಿಗೆ ಹೊಸಾ ಕಾಲಮ್ ಸೇರಸ್ರಿ, ಖಾಲಿ ಇದ್ರೂ ನಡೆಯೋ ಹಂಗ. ಹಳೇ ಎಕ್ಸ್‌ಇ ಅದನ್ನ ನೋಡಂಗೇ ಇಲ್ಲ, ತನ್ನ ಪಾಡಿಗೆ ಓಡ್ತದ. ಎಲ್ಲಾ ಪಿಸಿ ಬಂದ ಮ್ಯಾಲೆ, ಮುಂದಿನ ಬಿಡುಗಡೆಯೊಳಗ ಹಳೇ ಕಾಲಮ್ ತೆಗೀರಿ. ಒಂದು ಟೇಬಲ್‌ನಾಗ ‘ಕನಿಷ್ಠ ಆವೃತ್ತಿ’ ಅಂತ ಇಟ್ಟು, ಎಕ್ಸ್‌ಇ ತೆರೆದ ಕೂಡ್ಲೇ ಅದನ್ನ ಓದಿ, ತಾನು ಹಳೇದಿದ್ರ ‘ರೀಸ್ಟಾರ್ಟ್ ಮಾಡ್ರಿ’ ಅಂತ ಹೇಳಿ ಬಂದ್ ಆಗ್ಲಿ.

ವಾಪಸ್ ಹೋಗೋದೂ ಹಿಂಗ ಸಲೀಸು. ಎಂಎಸ್‌ಐ ಸಾಮಾನ್ಯವಾಗಿ ಕೆಳಗಿನ ಆವೃತ್ತಿ ಹಾಕಾಕ ಬಿಡಂಗಿಲ್ಲ. 4.3.0 ಕೆಟ್ರ 4.2.0ದ ಕೋಡನ್ನೇ 4.3.1 ಅಂತ ಕಟ್ಟಿ ಮುಂದಕ್ಕ ಕಳಸ್ರಿ.

ವೆರ್ಣಾ_ಶಿಫ್ಟ್
ಲ್ಯಾಪ್‌ಟಾಪ್ ಇದ್ದರೆ ಮಳೆಗಾಲ ಲೆಕ್ಕಕ್ಕಿಡಿ. ಮುಂಬಯಿಯಲ್ಲಿ ಟ್ರೇನ್ ನಿಂತ ದಿನ ಎಲ್ಲರೂ ಮನೆಯಿಂದ ವಿಪಿಎನ್. ಅವತ್ತು ವಿಂಡೋಸ್ ಅಪ್‌ಡೇಟೂ ವಿಪಿಎನ್ ಮೂಲಕ ಹರಿದರೆ ಆಫೀಸ್ ಲೈನ್ ಸತ್ತಂತೆ. ಸ್ಪ್ಲಿಟ್ ಟನೆಲ್ ಮಾಡಿ ಅದನ್ನ ಅವರವರ ಮನೆ ಇಂಟರ್‌ನೆಟ್‌ನಿಂದಲೇ ಬರೋ ಹಾಗೆ ಬಿಡಿ. ವಿಪಿಎನ್ ಏರೋದು ಲಾಗಿನ್ ಆದಮೇಲೆ, ಹಾಗಾಗಿ ಸ್ಟಾರ್ಟಪ್ ಸ್ಕ್ರಿಪ್ಟ್ ಅಲ್ಲಿ ಶೇರ್ ಕಾಣದೆ ಫೇಲ್. ಹಿಂಜವಡಿಯವರ ಡಿಸ್ಕಿಗೆ ಇಳಿಸೋ ಉಪಾಯ ಇಲ್ಲೂ ಕೆಲಸ ಮಾಡುತ್ತೆ.

ಲೆಕ್ಕದ_ಕೋಣೆ
ಮಳೆ ಬಂದರೂ 20ನೇ ತಾರೀಕು 20ನೇ ತಾರೀಕೇ.

ಠಾಣೆ_ಸ್ಲೋ
ಕೊನೇ ಪ್ರಶ್ನೆ. ಸುಮಾರು ನಲವತ್ತು ಪಿಸಿಯಲ್ಲಿ ನಾವು ಎಂಎಸ್‌ಐ ಶುರು ಮಾಡೋ ಮುಂಚಿನ ಎನ್‌ಎಸ್‌ಐಎಸ್ (ಬೇರೊಂದು ಇನ್‌ಸ್ಟಾಲರ್ ಟೂಲು) ಸೆಟಪ್ ಕೂತಿದೆ. ಅದನ್ನ ತೆಗೆದು ಎಂಎಸ್‌ಐ ಹಾಕೋ ಸ್ಕ್ರಿಪ್ಟ್ ಬರೆದೆ. ಎರಡೂ ಕೋಡ್ 0 ಬರುತ್ತೆ, ಆದರೆ ಫೋಲ್ಡರಿನಲ್ಲಿ ಅರ್ಧ ಫೈಲ್ ಮಾಯ.

ಎಕ್ಸಿಟ್‌ಕೋಡ್_1603
ಎನ್‌ಎಸ್‌ಐಎಸ್ ಅನ್‌ಇನ್‌ಸ್ಟಾಲರ್ ತನ್ನನ್ನೇ ಟೆಂಪ್ ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿಂದ ಓಡಿಸಿ, ಮೂಲ ಪ್ರೋಸೆಸ್ ತಕ್ಷಣ ಮುಗಿಸಿಬಿಡುತ್ತೆ. ಸ್ಕ್ರಿಪ್ಟ್ ಮುಗೀತು ಅಂದುಕೊಂಡು ಎಂಎಸ್‌ಐ ಶುರು ಮಾಡುತ್ತೆ. ಅದು ಹೊಸ ಫೈಲ್ ಇಡ್ತಾ ಇರುವಾಗಲೇ ಹಿಂದಿನದ್ದು ಅಳಿಸ್ತಾ ಬರ್ತಿರುತ್ತೆ. ಅನ್‌ಇನ್‌ಸ್ಟಾಲ್ ಕಮಾಂಡಿಗೆ ಸೈಲೆಂಟ್ ಸ್ವಿಚ್ /S ಕೊಡಿ, ಇಂಗ್ಲಿಷ್ ದೊಡ್ಡ ಅಕ್ಷರದಲ್ಲೇ, ಸಣ್ಣದು ನಡೆಯಲ್ಲ. ಸಾಲಿನ ಕಟ್ಟಕಡೆಗೆ _?= ಬರೆದು ಅದಕ್ಕೆ ಅಂಟಿದಂತೆ ಇನ್‌ಸ್ಟಾಲ್ ಫೋಲ್ಡರಿನ ದಾರಿ ಕೊಡಿ. ದಾರಿಯಲ್ಲಿ ಖಾಲಿ ಜಾಗ ಇದ್ದರೂ ಉದ್ಧರಣ ಚಿಹ್ನೆ ಹಾಕಬೇಡಿ. ಆಗ ಅಲ್ಲೇ ಓಡಿ, ಪೂರ್ತಿ ಮುಗಿದ ಮೇಲೆ ವಾಪಸ್ ಬರುತ್ತೆ. ಅನ್‌ಇನ್‌ಸ್ಟಾಲರ್ ಎಕ್ಸ್‌ಇ ಮಾತ್ರ ಉಳಿದುಬಿಡುತ್ತೆ, ಅದನ್ನ ಮುಂದಿನ ಸಾಲಿನಲ್ಲಿ ನೀವೇ ಅಳಿಸಿ.

ಠಾಣೆ_ಸ್ಲೋ
ಸರಿಹೋಯ್ತು. ಐಟಿಯ ನಾಲ್ಕು ಪಿಸಿಯಲ್ಲಿ ಹಾಕಿ ನೋಡಿದೆ, ಫೈಲ್ ಎಲ್ಲ ಇವೆ. ಅಕೌಂಟ್ಸಿನ ಆ ಟೋಕನ್ ಪಿಸಿ ಯಾವುದು ಅಂತ ಈಗ ಹುಡುಕ್ತಿದೀನಿ.